ಬೇಕು, ಬೇಡ ಕೇಳಿಸುವಷ್ಟು ನಿಧಾನ

"ನೀವೇ ಹೇಳಿದ್ರಲ್ಲ ಡಾಕ್ಟ್ರೇ, ಮಾಸು ಬೀಳೋಗಂಟ ಕಾಯ್ಬೇಕು, ಆಮ್ಯಾಕೆ ಗಿಣ್ಣು ಕುಡಿಸ್ಬೇಕು ಅಂತ."

ಆಯಮ್ಮ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಡಾಕ್ಟರು ಹೇಳಿದ ಹಾಗೇ ಮಾಡಿದ್ದೇನೆ ಅನ್ನುವ ನಂಬಿಕೆಯಲ್ಲಿ ಹೇಳಿದರು. ಹಿಂದಿನ ದಿನ ಅವರ ಹೆಣ್ಣು ಕರು ಸತ್ತಿತ್ತು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕಡಸಿನ ಮೊದಲ ಸೂಲು. ರಾತ್ರಿ ಹನ್ನೊಂದಕ್ಕೆ ಕರು ಹಾಕಿದೆ. ಮಾಸು, ಅಂದರೆ ಕರುವಿನ ಹಿಂದೆ ಬೀಳುವ ಪೊರೆ, ಬಿದ್ದದ್ದು ಮಾರನೇ ದಿನ ಸಾಯಂಕಾಲ. ಅಲ್ಲಿಯವರೆಗೆ ಕರುವಿನ ಬಾಯಿಗೆ ಒಂದು ತೊಟ್ಟು ಗಿಣ್ಣು ಬಿದ್ದಿಲ್ಲ. ಐದನೇ ದಿನ ಭೇದಿ ಶುರುವಾಯಿತು. ನನಗೆ ಫೋನ್ ಬರುವ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು, ಕಿವಿ ತಣ್ಣಗಾಗಿತ್ತು. ಡ್ರಿಪ್ ಹಾಕಿದೆ. ಉಳಿಯಲಿಲ್ಲ.

ನಾನು ಪಶುವೈದ್ಯ. ಮಂಡ್ಯ ಜಿಲ್ಲೆಯ ಒಂದು ಹೋಬಳಿಯಲ್ಲಿ ಕೆಲಸ. ತಿಂಗಳಿಗೆ ಎರಡು ಮೂರು ಸಲ ಹಾಲಿನ ಡೇರಿಗಳಲ್ಲಿ ರೈತರ ಮುಂದೆ ನಿಂತು ಮಾತಾಡಬೇಕು. ಆ ಊರಿನ ಡೇರಿಯಲ್ಲೂ ಇಪ್ಪತ್ತು ದಿನ ಮುಂಚೆ ಮಾತಾಡಿದ್ದೆ. ಆಯಮ್ಮ ಎರಡನೇ ಸಾಲಿನಲ್ಲಿ ಕೂತಿದ್ದರು. ನಾನು ಅವತ್ತು ಹೇಳಿದ್ದು ಇದರ ತದ್ವಿರುದ್ಧ: "ಮಾಸು ಬೀಳುವವರೆಗೆ ಕಾಯಬೇಡಿ, ಗಿಣ್ಣು ಕುಡಿಸಿ." ಪ್ರತಿ ಊರಲ್ಲೂ ಹೇಳುವ ಮಾತು ಅದು.

ಯಾಕೆ ಹೇಳುತ್ತೇವೆ ಅಂದರೆ, ದನಗಳಲ್ಲಿ ತಾಯಿಯ ರೋಗ ತಡೆಯುವ ಶಕ್ತಿ ಹೊಟ್ಟೆಯೊಳಗೆ ಇದ್ದಾಗ ಕರುವಿಗೆ ದಾಟುವುದಿಲ್ಲ. ಅದು ಬರುವುದೆಲ್ಲ ಗಿಣ್ಣಿನಿಂದಲೇ. ಹುಟ್ಟಿದ ಕರುವಿನ ಕರುಳು ಮೊದಲ ಕೆಲವು ಗಂಟೆ ಮಾತ್ರ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಗಂಟೆ ಕಳೆದ ಹಾಗೆ ಆ ಬಾಗಿಲು ಮುಚ್ಚುತ್ತಾ ಹೋಗುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಪೂರ್ತಿ ಮುಚ್ಚಿರುತ್ತದೆ. ಅದಕ್ಕೇ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹೋಗಬೇಕು. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 25 ಕೆಜಿ ಕರುವಿಗೆ ಎರಡೂವರೆ ಲೀಟರು ಲೆಕ್ಕ. ಕರು ಮೊಲೆ ಚೀಪಿದರೆ ತಾಯಿಯ ಗರ್ಭಕೋಶ ಬಿಗಿಯುತ್ತದೆ, ಮಾಸು ಬೀಳುವುದಕ್ಕೂ ಅದು ಒಳ್ಳೆಯದೇ. ಆದರೆ ಹಳ್ಳಿಗಳಲ್ಲಿ ಹಳೆಯ ನಂಬಿಕೆ ಉಲ್ಟಾ ಇದೆ. ಮಾಸು ಬೀಳುವ ಮುಂಚೆ ಹಾಲು ಕರೆಯಬಾರದು, ಕುಡಿಸಬಾರದು ಅನ್ನುತ್ತಾರೆ.

ಇಷ್ಟೆಲ್ಲ ಗೊತ್ತಿದ್ದವನು ಅದನ್ನು ಹೇಗೆ ಹೇಳಿದೆ ಅನ್ನುವುದು ಅವತ್ತು ರಾತ್ರಿ ತಿಳಿಯಿತು. ಡೇರಿ ಸೆಕ್ರೆಟರಿ ನನ್ನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅವರಿಂದ ತರಿಸಿಕೊಂಡು ಊಟ ಆದಮೇಲೆ ಹೊರಗೆ ಜಗಲಿ ಮೇಲೆ ಕೂತು ಕೇಳಿದೆ. 22 ನಿಮಿಷದ ಮಾತು. ಅದರಲ್ಲಿ ಹನ್ನೊಂದು ವಿಷಯ. ಗಿಣ್ಣು, ಜಂತುಹುಳು, ಕಾಲುಬಾಯಿ ಜ್ವರ, ಕಂದು ರೋಗ (ರಾಸು ಗಬ್ಬ ಕಳೆದುಕೊಳ್ಳುವ ಬ್ರುಸೆಲ್ಲೋಸಿಸ್), ಕೆಚ್ಚಲು ಬಾವು, ಖನಿಜ ಮಿಶ್ರಣ, ಹಸಿ ಮೇವು, ಹೀಟಿಗೆ ಬರೋದು, ಇನ್ಶೂರೆನ್ಸು, ಇನ್ನೂ ಏನೇನೋ. ಒಂದರ ಬಾಲ ಮುಗಿಯುವ ಮುಂಚೆ ಇನ್ನೊಂದರ ತಲೆ.

ಗಿಣ್ಣಿನ ಮಾತು ಆರನೇ ನಿಮಿಷದಲ್ಲಿ ಬಂತು. ಮುಂದಿಟ್ಟು ಹಿಂದಿಟ್ಟು ಏಳೆಂಟು ಸಲ ಕೇಳಿರಬೇಕು. "ಮಾಸು ಬೀಳೋವರೆಗೆ" ಸ್ಪಷ್ಟವಾಗಿದೆ. "ಕಾಯ" ಇದೆ. ಆಮೇಲೆ "ಬೇ" ಅಂತ ಒಂದು ಸಣ್ಣ ಸದ್ದು. ಅದರ ಮುಂದಿನ ಅಕ್ಷರ ಇಲ್ಲವೇ ಇಲ್ಲ. ನನ್ನ ದನಿ ಅಲ್ಲಿ ಕೆಳಗೆ ಬಿದ್ದುಹೋಗಿದೆ. ತಕ್ಷಣ "ಕುಡಿಸಿ" ಅಂತ ಜೋರಾಗಿ ಬರುತ್ತದೆ. ಕಾಯಬೇಕು, ಕುಡಿಸಿ. ಕಾಯಬೇಡಿ, ಕುಡಿಸಿ. ಎರಡರಲ್ಲಿ ಯಾವುದು ಬೇಕಾದರೂ ಆಗಬಹುದು. ಕೇಳುವವರು ಮನಸ್ಸಿನಲ್ಲಿ ಮೊದಲೇ ಏನಿದೆಯೋ ಅದನ್ನೇ ಆ ಖಾಲಿ ಜಾಗಕ್ಕೆ ಹಾಕಿಕೊಳ್ಳುತ್ತಾರೆ. ಆಯಮ್ಮ ಹಾಕಿಕೊಂಡದ್ದೂ ಹಾಗೇ.

ಆ ರಾತ್ರಿ ತುಂಬಾ ಹೊತ್ತು ಇದನ್ನೇ ಯೋಚಿಸಿದೆ. ನಮ್ಮ ಭಾಷೆಯಲ್ಲಿ ಹೌದು, ಅಲ್ಲ ಅನ್ನುವುದು ಕೂತಿರುವುದೇ ವಾಕ್ಯದ ತುದಿಯಲ್ಲಿ. ಹಾಕಬೇಕು, ಹಾಕಬಾರದು. ಕೊಡಿ, ಕೊಡಬೇಡಿ. ಆಗುತ್ತೆ, ಆಗಲ್ಲ. ವಾಕ್ಯ ಪೂರ್ತಿ ಕೇಳಿಸಿಕೊಂಡರೂ ಕೊನೆಯ ಒಂದು ಅಕ್ಷರ ತಪ್ಪಿದರೆ ಅರ್ಥ ತಲೆಕೆಳಗು. ಬೇಕು, ಬೇಡ ಎರಡೂ ಶುರುವಾಗುವುದು "ಬೇ" ಇಂದಲೇ ಬೇರೆ. ಆ ಊರಿನವರ ಬಾಯಲ್ಲಿ ಅದು "ಬ್ಯಾಡ". ಅವರಿಗೆ ಮೊದಲ ಅಕ್ಷರಕ್ಕೇ ವ್ಯತ್ಯಾಸ ಗೊತ್ತಾಗುತ್ತದೆ. ನಾನು ಆಡುತ್ತಿದ್ದದ್ದು ಪುಸ್ತಕದ "ಬೇಡಿ". ಅದರಲ್ಲೂ ಅರ್ಧ ನುಂಗಿದ "ಬೇಡಿ". ವೇಗವಾಗಿ ಮಾತಾಡುವವರು ಎಲ್ಲ ಕಡೆ ಒಂದೇ ಸಮ ಅಕ್ಷರ ನುಂಗುವುದಿಲ್ಲ. ಉಸಿರು ಮುಗಿಯುವ ಕಡೆ, ಅಂದರೆ ವಾಕ್ಯದ ಕೊನೆಯಲ್ಲಿ ನುಂಗುತ್ತಾರೆ. ಕನ್ನಡದಲ್ಲಿ ಅದು ಅತ್ಯಂತ ಮುಖ್ಯವಾದ ಜಾಗ.

ಮಾರನೇ ದಿನ ನನ್ನ ವೇಗ ಎಷ್ಟು ಅಂತ ಅಳೆಯಲು ಕೂತೆ. ರೆಕಾರ್ಡಿಂಗಿನ ಒಂದು ನಿಮಿಷವನ್ನು ಬಿಳಿ ಹಾಳೆಯಲ್ಲಿ ಬರೆದು ಎಣಿಸಿದೆ. 136 ಪದ. ಇಂಟರ್ನೆಟ್ಟಿನಲ್ಲಿ ನೋಡಿದರೆ ಭಾಷಣಕ್ಕೆ ನಿಮಿಷಕ್ಕೆ 130ರಿಂದ 150 ಪದ ಸರಿಯಾದ ವೇಗ ಅಂತ ಎಷ್ಟೋ ಕಡೆ ಇತ್ತು. ಹಾಗಾದರೆ ನನ್ನದು ಸರಿಯಾಗೇ ಇದೆಯಲ್ಲ ಅಂತ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಹೊಳೆಯಿತು, ಆ ಲೆಕ್ಕ ಇಂಗ್ಲಿಷಿನದು. ಅಲ್ಲಿ ಪದಗಳು ಚಿಕ್ಕವು. ನಮ್ಮಲ್ಲಿ "ಕುಡಿಸಬೇಕಾಗುತ್ತದೆ" ಅನ್ನುವುದು ಒಂದೇ ಪದ, ಅದರಲ್ಲಿ ಎಂಟು ಅಕ್ಷರ. ಇಂಗ್ಲಿಷಿನವರು ಅದನ್ನು ನಾಲ್ಕೈದು ಪದ ಮಾಡಿ ಹೇಳುತ್ತಾರೆ. ಹಾಗಾಗಿ ಪದ ಬಿಟ್ಟು ಅಕ್ಷರ ಎಣಿಸಿದೆ. ಒಂದು ನಿಮಿಷಕ್ಕೆ ಸುಮಾರು 480. ಸೆಕೆಂಡಿಗೆ ಎಂಟು ಅಕ್ಷರ. ಒಂದು ಕಡೆಯೂ ಬಿಡುವಿಲ್ಲ. ಕನ್ನಡದಲ್ಲಿ ಮಾತಾಡುವವರು ತಮ್ಮ ವೇಗ ನೋಡಬೇಕು ಅಂದರೆ ಅಕ್ಷರ ಎಣಿಸುವುದೇ ಸರಿ. ಇಂಗ್ಲಿಷಿನ ಪದಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ.

ನಾನು ಯಾಕೆ ಹಾಗೆ ಓಡುತ್ತಿದ್ದೆ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಸೆಮಿನಾರಿಗೆ ಹತ್ತು ನಿಮಿಷ ಕೊಡುತ್ತಿದ್ದರು. ಅಷ್ಟರಲ್ಲಿ ಗೊತ್ತಿರುವುದೆಲ್ಲ ಹೊರಗೆ ಬರಬೇಕು. ನಿಲ್ಲಿಸಿದರೆ ಮರೆತ ಅಂದುಕೊಳ್ಳುತ್ತಾರೆ. ಆ ಅಭ್ಯಾಸ ಹಾಗೇ ಉಳಿದಿತ್ತು. ಇನ್ನೊಂದು ಕಾರಣ ಭಯ. ಎಷ್ಟು ವರ್ಷ ಸರ್ವೀಸ್ ಆದರೂ ಜನರ ಮುಂದೆ ನಿಂತಾಗ ಎದೆ ಬಡಿತ ಜಾಸ್ತಿ ಆಗುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ. ಉಸಿರು ಗಿಡ್ಡ ಆದಾಗ, ಅದು ಮುಗಿಯುವುದರೊಳಗೆ ವಾಕ್ಯ ಮುಗಿಸೋಣ ಅಂತ ನಾಲಿಗೆ ಓಡುತ್ತದೆ. ಓಡಿದಷ್ಟೂ ಉಸಿರು ಇನ್ನೂ ಗಿಡ್ಡ. ಇದರ ಮೇಲೆ ಗಡಿಯಾರ ಬೇರೆ. ಸಭೆ ಶುರುವಾಗುವುದು ನಾಲ್ಕಕ್ಕೆ, ಐದಕ್ಕೆಲ್ಲ ಹೆಂಗಸರು ಹಾಲು ಕರೆಯಲು ಎದ್ದು ಹೋಗಬೇಕು. ಅಷ್ಟರಲ್ಲಿ ಎಲ್ಲ ಹೇಳಿಬಿಡೋಣ ಅನ್ನುವ ಆಸೆ. ಅದು ಕಾಳಜಿಯಿಂದಲೇ ಬಂದದ್ದು. ಆದರೆ ಕೇಳುವವರ ಕೈಗೆ ಸಿಕ್ಕಿದ್ದೇನು ಅಂತ ನಾನು ಒಂದು ಸಲವೂ ನೋಡಿರಲಿಲ್ಲ.

ಜಾಗದ ವಿಷಯವನ್ನೂ ಹೇಳಬೇಕು. ಆ ಡೇರಿಯ ಹಾಲ್ ಕಾಂಕ್ರೀಟು ಗೋಡೆಯದು, ಮೇಲೆ ಶೀಟು. ಒಂದು ಮಾತಾಡಿದರೆ ಗೋಡೆಗೆ ಬಡಿದು ಅದರ ಬೆನ್ನಿಗೇ ಇನ್ನೊಂದು ಸದ್ದು ಬರುತ್ತದೆ. ಹಿಂದಿನ ಅಕ್ಷರದ ಗುಂಯ್ ಅನ್ನುವುದು ನಿಲ್ಲುವ ಮುಂಚೆ ಮುಂದಿನ ಅಕ್ಷರ ಹೇಳಿದರೆ ಎರಡೂ ಕಲಸಿಹೋಗುತ್ತವೆ. ಪಕ್ಕದ ರೂಮಿನಲ್ಲಿ ಹಾಲು ತಣ್ಣಗಿಡುವ ಬಲ್ಕ್ ಕೂಲರಿನ ಕಂಪ್ರೆಸರ್ ಗುರುಗುಟ್ಟುತ್ತಿರುತ್ತದೆ. ಹೊರಗೆ ಇನ್ನೊಂದು ಹಾರ್ನ್ ಸ್ಪೀಕರ್ ಕಟ್ಟಿರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಆ ಹಾರ್ನ್ 35 ಮೀಟರ್ ಆಚೆ ಇದ್ದರೆ ಅದರ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕಿವಿಗೆ ಬರುತ್ತದೆ. ಸೆಕೆಂಡಿಗೆ ಎಂಟು ಅಕ್ಷರ ಆಡುವವನಿಗೆ ಅದು ಹತ್ತಿರ ಹತ್ತಿರ ಒಂದು ಅಕ್ಷರದಷ್ಟು ದೂರ. ಒಂದು ಅಕ್ಷರ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಮೈಕು ಜೋರು ಮಾಡಿದರೆ ಇದು ಸರಿಹೋಗಲ್ಲ. ನಿಧಾನ ಮಾಡಿದರೆ ಮಾತ್ರ ಸರಿಹೋಗುತ್ತದೆ.

ಇದಾದ ಒಂದು ತಿಂಗಳಿಗೆ ಆಕಾಶವಾಣಿಯ ರೈತರ ಕಾರ್ಯಕ್ರಮಕ್ಕೆ ಒಂದು ಭಾಷಣ ರೆಕಾರ್ಡ್ ಮಾಡಲು ಕರೆ ಬಂತು. ಕೆಚ್ಚಲು ಬಾವಿನ ಬಗ್ಗೆ, ಹತ್ತು ನಿಮಿಷ. ಬರೆದುಕೊಂಡು ಹೋಗಿದ್ದೆ. ಕೆಂಪು ದೀಪ ಹತ್ತಿತು. ಓದಿದೆ. ಗಾಜಿನ ಆ ಕಡೆ ಕೂತಿದ್ದ ಕಾರ್ಯಕ್ರಮದ ಅಧಿಕಾರಿ ಕೈ ಎತ್ತಿ ನಿಲ್ಲಿಸಿದರು. ಆರೂವರೆ ನಿಮಿಷಕ್ಕೆ ಮುಗಿಸಿಬಿಟ್ಟಿದ್ದೆ. ಹಿರಿಯರು, ಮೂವತ್ತು ವರ್ಷ ರೈತರ ಕಾರ್ಯಕ್ರಮವನ್ನೇ ಮಾಡಿದವರು. ಒಳಗೆ ಬಂದು ನನ್ನ ಪಕ್ಕದ ಕುರ್ಚಿ ಎಳೆದು ಕೂತರು.

"ಡಾಕ್ಟರೇ, ಪೇಪರ್ ಓದೋನು ಅರ್ಥ ಆಗ್ಲಿಲ್ಲ ಅಂದ್ರೆ ಮೇಲಿನ ಸಾಲಿಗೆ ಹೋಗ್ತಾನೆ. ರೇಡಿಯೋ ಕೇಳೋನು ಎಲ್ಲಿಗೆ ಹೋಗ್ತಾನೆ ಹೇಳಿ?"

ಅವರು ಹಳೆಯ ಕಾಲದ ಒಂದು ವಿಷಯ ಹೇಳಿದರು. ಆಕಾಶವಾಣಿ ಹಿಂದಿಯಲ್ಲಿ "ಧೀಮೀ ಗತಿ ಕೆ ಸಮಾಚಾರ್" ಅಂತ ಒಂದು ವಾರ್ತೆ ಕೊಡುತ್ತಿತ್ತು. ಹೆಸರೇ ಹೇಳುವ ಹಾಗೆ ನಿಧಾನಗತಿಯ ವಾರ್ತೆ. ಸಣ್ಣ ಊರಿನ ಪತ್ರಿಕೆಯವರು ರೇಡಿಯೋ ಮುಂದೆ ಕೂತು ಅದನ್ನು ಕೈಯಲ್ಲಿ ಬರೆದುಕೊಳ್ಳಲಿ ಅಂತಲೇ ಅಷ್ಟು ನಿಧಾನ. ಅಮೆರಿಕದವರ ರೇಡಿಯೋ ವಾಯ್ಸ್ ಆಫ್ ಅಮೆರಿಕ ಕೂಡ 1959ರಲ್ಲಿ, ಇಂಗ್ಲಿಷ್ ಕಲಿಯುತ್ತಿರುವ ಬೇರೆ ದೇಶದವರಿಗಾಗಿ, ಸುಮಾರು 1500 ಪದಗಳಲ್ಲೇ, ಮಾಮೂಲಿ ವೇಗದ ಮೂರನೇ ಎರಡು ಭಾಗದಷ್ಟು ನಿಧಾನವಾಗಿ ಓದುವ ಕಾರ್ಯಕ್ರಮ ಶುರು ಮಾಡಿತು. ಅದು ಹತ್ತಾರು ವರ್ಷ ನಡೆಯಿತು. ಕೇಳುವವರನ್ನು ನೋಡಿ ವೇಗ ಇಡುವುದು ಒಂದು ಕೆಲಸ, ಅದನ್ನು ಕೂತು ಕಲಿಯಬೇಕು ಅಂತ ನನಗೆ ಅಲ್ಲಿಯವರೆಗೆ ಅನ್ನಿಸಿರಲೇ ಇಲ್ಲ.

ಆಮೇಲೆ ನನ್ನ ಹಾಳೆ ತೆಗೆದುಕೊಂಡು ಪೆನ್ಸಿಲಿನಲ್ಲಿ ಗೆರೆ ಹಾಕಲು ಶುರು ಮಾಡಿದರು. ಮಾತು ಸ್ವಲ್ಪ ನಿಲ್ಲಬೇಕಾದ ಕಡೆ ಒಂದು ಓರೆ ಗೆರೆ. ಪೂರ್ತಿ ನಿಲ್ಲಬೇಕಾದ ಕಡೆ ಎರಡು. ಬೇಕು, ಬೇಡ, ಬಾರದು, ಇಲ್ಲ ಅನ್ನುವ ಪದ ಬಂದ ಕಡೆಯೆಲ್ಲ ಅದರ ಕೊನೆಯ ಅಕ್ಷರಕ್ಕೆ ಒಂದು ಸುತ್ತು. ಕರುವಿನ ಕಥೆ ಅವರಿಗೆ ನಾನು ಹೇಳಿರಲಿಲ್ಲ. ಅವರಾಗಿಯೇ ಅಲ್ಲಿ ಸುತ್ತು ಹಾಕಿದರು. ಹಾಳೆ ನೋಡುತ್ತಾ ನನಗೆ ಗಂಟಲು ಕಟ್ಟಿದಂತಾಯಿತು.

ಒಂದು ಸಾಲು ಇವತ್ತಿಗೂ ನೆನಪಿದೆ. ನಾನು ಬರೆದದ್ದು: "ಹಾಲು ಕರೆದ ಮೇಲೆ ತೊಟ್ಟಿನ ರಂಧ್ರ ಸುಮಾರು ಅರ್ಧ ಗಂಟೆ ತೆರೆದಿರುವುದರಿಂದ ಹಸುವನ್ನು ತಕ್ಷಣ ಮಲಗಲು ಬಿಡದೆ ಮೇವು ಹಾಕಿ ನಿಲ್ಲಿಸಬೇಕು." ಅವರು ಅದನ್ನು ನಾಲ್ಕು ಮಾಡಿದರು. ಹಾಲು ಕರೆದ ಮೇಲೆ ತೊಟ್ಟಿನ ಬಾಯಿ ತೆರೆದಿರುತ್ತೆ. ಎರಡು ಗೆರೆ. ಮುಚ್ಚೋಕೆ ಅರ್ಧ ಗಂಟೆ ಬೇಕು. ಎರಡು ಗೆರೆ. ಅಲ್ಲಿವರೆಗೆ ಹಸು ಮಲಗಬಾರದು. ಎರಡು ಗೆರೆ. ಮುಂದೆ ಮೇವು ಹಾಕಿ, ತಿನ್ನುತ್ತಾ ನಿಂತಿರಲಿ. ಎರಡನೇ ಸಲ ಓದಿದಾಗ ಒಂಬತ್ತು ನಿಮಿಷ ಐವತ್ತು ಸೆಕೆಂಡ್ ಆಯಿತು. ಹೊಸ ವಿಷಯ ಒಂದೂ ಸೇರಿಸಿರಲಿಲ್ಲ.

ಸ್ಟುಡಿಯೋದಲ್ಲಿ ಹಾಳೆ ನೋಡಿಕೊಂಡು ಓದಿದರೆ ಆಗುತ್ತದೆ. ಊರಿನ ಸಭೆಯಲ್ಲಿ ಹಾಳೆ ಹಿಡಿದು ಓದಿದರೆ ಯಾರೂ ಕೂರಲ್ಲ. ಹಾಗಾಗಿ ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಮಗಳು ಆಗ ಏಳನೇ ಕ್ಲಾಸು. ಅವಳ ಶಾಲೆಯಲ್ಲಿ ಉಕ್ತಲೇಖನ ಕೊಡುತ್ತಿದ್ದರು. ದಿನಾ ಸಂಜೆ ಅವಳು ನೋಟ್‌ಬುಕ್ ಹಿಡಿದು ಕೂರುವುದು, ನಾನು ನಿಂತು ಡೇರಿಯಲ್ಲಿ ಹೇಳುವ ಹಾಗೇ ಹೇಳುವುದು. ಪೂರ್ತಿ ಬರೆಯಬೇಕಿಲ್ಲ, ಪ್ರತಿ ವಾಕ್ಯದ ಕೊನೆಯ ಪದ ಮಾತ್ರ ಬರೆ ಅಂದೆ. ಮೊದಲ ವಾರ ಅವಳ ಪುಟದಲ್ಲಿ ಖಾಲಿ ಗೆರೆಗಳೇ ಜಾಸ್ತಿ. "ಅಪ್ಪಾ, ಕೊನೇದು ಕೇಳಿಸ್ಲೇ ಇಲ್ಲ" ಅನ್ನುತ್ತಿದ್ದಳು. ಒಂದೇ ಮನೆಯಲ್ಲಿ, ಮೂರು ಅಡಿ ದೂರದಲ್ಲಿ, ನನ್ನ ಮಾತು ಹುಟ್ಟಿದಾಗಿನಿಂದ ಕೇಳಿದ ಮಗು. ಅವಳಿಗೇ ಕೇಳಿಸಲಿಲ್ಲ ಅಂದರೆ ಕಂಪ್ರೆಸರಿನ ಸದ್ದಿನಲ್ಲಿ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ಏನು ಕೇಳಿಸಿರುತ್ತೆ?

ಮೊದಮೊದಲು ನಾನು ಮಾಡಿದ ತಪ್ಪು ಪದಗಳನ್ನು ಎಳೆದದ್ದು. ಗಿ...ಣ್ಣು... ಹಾ...ಲು ಅಂತ ಪ್ರತಿ ಪದವನ್ನೂ ರಬ್ಬರಿನ ಹಾಗೆ ಎಳೆದೆ. ಒಂದು ಊರಿನಲ್ಲಿ ಹಾಗೇ ಮಾತಾಡಿದೆ ಕೂಡ. ಜನ ಚಡಪಡಿಸಿದರು, ಒಬ್ಬಿಬ್ಬರು ಮೊಬೈಲ್ ತೆಗೆದರು. ಸಭೆ ಮುಗಿದ ಮೇಲೆ ಗೌಡರೊಬ್ಬರು ಹತ್ತಿರ ಬಂದು "ಸಾ, ಮೈಗೆ ಹುಷಾರಿಲ್ವಾ?" ಅಂತ ನಿಜವಾದ ಕಾಳಜಿಯಿಂದ ಕೇಳಿದರು. ನಿಧಾನ ಅಂದರೆ ಇದಲ್ಲ ಅಂತ ಗೊತ್ತಾಯಿತು. ಯಾವುದು ಅಂತ ಮಾತ್ರ ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಶಿವಮೊಗ್ಗದಲ್ಲಿ. ಅಲ್ಲಿನ ಪಶುವೈದ್ಯಕೀಯ ಕಾಲೇಜಿಗೆ ಒಂದು ತರಬೇತಿಗೆ ಹೋಗಿದ್ದೆ. ಗೆಳೆಯರೊಬ್ಬರು ಸಂಜೆ ಹೊಸಹಳ್ಳಿಗೆ ಕರೆದುಕೊಂಡು ಹೋದರು. ತುಂಗೆಯ ದಡದ ಊರು, ಆಚೆ ದಡದಲ್ಲಿ ಮತ್ತೂರು. ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು, ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ಸಂಜೆ ಒಂದು ವಾಚನ ಇತ್ತು. ಇಬ್ಬರು ಕೂತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಹೇಳುವವರು, ಇನ್ನೊಬ್ಬರು ಅರ್ಥ ಹೇಳುವವರು. ಪದ್ಯ ಹೇಳುವವರು ಒಂದು ಪದ್ಯ ಮುಗಿಸಿ ಸುಮ್ಮನಾಗುತ್ತಿದ್ದರು. ಅರ್ಥ ಹೇಳುವವರು ಹೇಳಿ ಮುಗಿಸುವವರೆಗೆ ಮುಂದಿನ ಪದ್ಯ ಇಲ್ಲ. ನಾನು ಅರ್ಥ ಹೇಳುವವರನ್ನೇ ನೋಡುತ್ತಿದ್ದೆ. ಅವರು ಪದ ಎಳೆಯುತ್ತಿರಲಿಲ್ಲ. ಮನೆಯಲ್ಲಿ ಮಾತಾಡುವ ವೇಗವೇ. ಆದರೆ ಒಂದು ಮಾತು ಮುಗಿದ ಮೇಲೆ ನಿಲ್ಲಿಸುತ್ತಿದ್ದರು. ಆ ನಿಂತ ಹೊತ್ತಿನಲ್ಲಿ ಎದುರಿಗಿದ್ದವರ ತಲೆ ಆಡುತ್ತಿತ್ತು, ಯಾರೋ "ಆಹಾ" ಅನ್ನುತ್ತಿದ್ದರು, ಒಬ್ಬರು ಪಕ್ಕದವರ ಕಡೆ ತಿರುಗಿ ಏನೋ ಹೇಳುತ್ತಿದ್ದರು. ಅದೆಲ್ಲ ಆದಮೇಲೆ ಮುಂದಿನ ಮಾತು.

ಬಸ್ಸಿನಲ್ಲಿ ವಾಪಸ್ ಬರುವಾಗ ಇಡೀ ದಾರಿ ಅದೇ ತಲೆಯಲ್ಲಿತ್ತು. ವಾಕ್ಯದ ಒಳಗೆ ನಿಧಾನ ಮಾಡಬೇಕಿಲ್ಲ. ವಾಕ್ಯ ಮುಗಿದ ಮೇಲೆ ಕೇಳಿದವರಿಗೆ ಹೊತ್ತು ಕೊಡಬೇಕು.

ಊರಿಗೆ ಬಂದು ಅದನ್ನೇ ಅಭ್ಯಾಸ ಮಾಡಿದೆ. ಪ್ರತಿ ಮುಖ್ಯ ಮಾತು ಆದಮೇಲೆ ಬಾಯಿ ಮುಚ್ಚಿ, ಮೂಗಿನಲ್ಲಿ ಒಂದು ಪೂರ್ತಿ ಉಸಿರು. ಉಸಿರು ಒಳಗೆ ಹೋಗಿ ಹೊರಗೆ ಬರುವವರೆಗೆ ಮುಂದಿನ ಮಾತಿಲ್ಲ. ಮೂರು ಸೆಕೆಂಡು ಆಗುತ್ತದೆ ಅಷ್ಟೇ. ನಿಂತು ಮಾತಾಡುವವರಿಗೆ ಆ ಮೂರು ಸೆಕೆಂಡು ಮೂರು ನಿಮಿಷದ ಹಾಗಿರುತ್ತದೆ, ಅದನ್ನು ತಡೆದುಕೊಳ್ಳುವುದೇ ಕಷ್ಟದ ಪಾಠ. ಮೊದಲ ಸಲ ಕೈ ಬೆವರಿತು. ನಾಲ್ಕೈದು ಸಭೆ ಆದಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಆ ಉಸಿರಿನಿಂದ ನನ್ನ ಎದೆ ಬಡಿತವೂ ಇಳಿಯುತ್ತಿತ್ತು. ಉಸಿರು ಕೆಳಗೆ ಹೋದಮೇಲೆ ವಾಕ್ಯದ ಕೊನೆಗೆ ದನಿ ಬೀಳುವುದು ತಾನಾಗಿಯೇ ನಿಂತಿತು. ಮಗಳ ನೋಟ್‌ಬುಕ್ಕಿನಲ್ಲಿ ಖಾಲಿ ಗೆರೆಗಳು ಕಡಿಮೆಯಾದವು. ಅವಳೇ ದಿನಾಂಕ ಹಾಕಿ ಲೆಕ್ಕ ಇಡುತ್ತಿದ್ದಳು. ಇಪ್ಪತ್ತು ವಾಕ್ಯಕ್ಕೆ ಇಪ್ಪತ್ತೂ ಸಿಕ್ಕ ದಿನ ಕೆಂಪು ಪೆನ್ನಿನಲ್ಲಿ ನನಗೆ "ಉತ್ತಮ" ಅಂತ ಬರೆದುಕೊಟ್ಟಳು. ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಈಗ ಎಣಿಸಿದರೆ ನಿಮಿಷಕ್ಕೆ 85 ಪದದ ಆಸುಪಾಸು, ಮುನ್ನೂರು ಅಕ್ಷರ.

ಎಲ್ಲವನ್ನೂ ಒಂದೇ ನಿಧಾನದಲ್ಲಿ ಹೇಳಬೇಕು ಅಂತ ನಾನು ಹೇಳಲ್ಲ. ಯಾವುದೋ ಊರಿನ ಎಮ್ಮೆ ಕಥೆ ಹೇಳುವಾಗ ಬೇಗ ಬೇಗ ಹೋಗಬಹುದು, ಹೋಗಬೇಕು ಕೂಡ. ಜನ ನಗುತ್ತಾರೆ, ಹತ್ತಿರ ಆಗುತ್ತಾರೆ. ನಿಲ್ಲಬೇಕಾದದ್ದು ಬೇಕು, ಬೇಡ ಬಂದಾಗ ಮತ್ತು ಅಂಕಿ ಬಂದಾಗ. ಮೂರು, ನೂರು, ಆರು ಇವು ಹಾರ್ನಿನಲ್ಲಿ ಒಂದೇ ಥರ ಕೇಳಿಸುತ್ತವೆ. "ಮೂರು, ಬರೀ ಮೂರು" ಅಂತ ಬೆರಳು ತೋರಿಸುತ್ತೇನೆ. ಎರಡು ಲಸಿಕೆಯ ವಿಷಯ ಒಂದೇ ಉಸಿರಿನಲ್ಲಿ ಹೇಳುವುದನ್ನೂ ಬಿಟ್ಟೆ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ. ಕಂದು ರೋಗದ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನಕ್ಕೆ ಒಂದೇ ಸಲ. ಇವೆರಡನ್ನೂ ಒಟ್ಟಿಗೆ ಓಡಿಸಿದರೆ, ಎರಡು ಸಲ ಯಾವುದಕ್ಕೆ, ಒಂದು ಸಲ ಯಾವುದಕ್ಕೆ ಅಂತ ಮನೆಗೆ ಹೋಗುವಷ್ಟರಲ್ಲಿ ಕಲಸಿರುತ್ತದೆ.

ನಿಧಾನ ಮಾಡಿದರೆ ಹನ್ನೊಂದು ವಿಷಯ ಹಿಡಿಸುವುದಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಟ್ಟಿತು. ಕೆಚ್ಚಲು ಬಾವು ಬಿಡಲಾ? ಜಂತುಹುಳು ಬಿಡಲಾ? ಎರಡೂ ಬೇಕಾದದ್ದೇ. ಕೊನೆಗೆ ಒಂದು ಸಭೆಗೆ ಮೂರೇ ವಿಷಯ ಅಂತ ಇಟ್ಟುಕೊಂಡೆ. ಉಳಿದದ್ದಕ್ಕೆ ಮತ್ತೆ ಬರುತ್ತೇನೆ ಅಂತ ಅಲ್ಲೇ ತಾರೀಕು ಹೇಳುತ್ತೇನೆ. ಓಡಾಟ ಜಾಸ್ತಿ ಆಗಿದೆ, ಪೆಟ್ರೋಲ್ ಖರ್ಚು ಕೈಯಿಂದ. ಆದರೂ ಇದೇ ಸರಿ ಅಂತ ನನ್ನ ಅನಿಸಿಕೆ.

ನಾನು ಎಣಿಸದೇ ಇದ್ದ ಲಾಭ ಇನ್ನೊಂದು ಬಂತು. ಮುಂಚೆ ಮಾತು ಮುಗಿಸಿ "ಏನಾದ್ರೂ ಪ್ರಶ್ನೆ ಇದ್ರೆ ಕೇಳಿ" ಅಂದರೆ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅರ್ಥ ಆಗಿದೆ ಅಂದುಕೊಳ್ಳುತ್ತಿದ್ದೆ. ಈಗ ನಾನು ನಿಲ್ಲಿಸುವ ಆ ಮೂರು ಸೆಕೆಂಡಿನೊಳಗೇ ಪ್ರಶ್ನೆ ಬರುತ್ತದೆ. ಕರೆಯದೇ ಬರುತ್ತದೆ. ಅದರಲ್ಲೂ ಹೆಂಗಸರಿಂದ. ರಾಸುಗಳನ್ನು ನಿಜವಾಗಿ ನೋಡಿಕೊಳ್ಳುವವರು ಅವರೇ. ಗಂಡಸರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ, ಹೆಂಗಸರು ಹಿಂದೆ. ನಾನು ಓಡುತ್ತಿದ್ದಾಗ ಹಿಂದಿನ ಸಾಲಿನವರಿಗೆ ಬಾಯಿ ಹಾಕಲು ಸಂದೇ ಇರಲಿಲ್ಲ. ಕರು ಸತ್ತ ಊರಿಗೆ ಮತ್ತೆ ಹೋದಾಗ ಗಿಣ್ಣಿನ ವಿಷಯ ಒಂದನ್ನೇ ತೆಗೆದುಕೊಂಡೆ. "ಮಾಸು ಬೀಳೋಗಂಟ ಕಾಯ್ಬ್ಯಾಡಿ" ಅಂತ ಅವರ ಮಾತಿನಲ್ಲೇ ಹೇಳಿ ನಿಲ್ಲಿಸಿದೆ. ಒಂದು ಉಸಿರು. ಹಿಂದಿನಿಂದ ಒಬ್ಬ ಅಜ್ಜಿ ಎದ್ದು ನಿಂತರು.

"ಅದೆಂಗಾಯ್ತದೆ? ಕುಡಿಸುದ್ರೆ ಮಾಸು ಒಳೀಕೇ ನಿಂತ್ಕತದೆ ಅಂತಾರಲ್ಲಪ್ಪ."

ಅವತ್ತು ಅರ್ಧ ಗಂಟೆ ಅದೊಂದೇ ಮಾತು ನಡೆಯಿತು. ವರ್ಷಗಳಿಂದ ಆ ಹೋಬಳಿಯಲ್ಲಿ ನಾನು ಹೇಳುತ್ತಿದ್ದ ಮಾತಿಗೆ ಎದುರು ಮಾತು ಮೊದಲ ಸಲ ಬಂದಿತ್ತು. ಆ ಅಜ್ಜಿ ಪೂರ್ತಿ ಒಪ್ಪಿದರು ಅಂತ ಹೇಳಲಾರೆ. "ನೋಡುವಾ" ಅಂದು ಕೂತರು. ಕರು ಕಳೆದುಕೊಂಡ ಆಯಮ್ಮ ಪಕ್ಕದಲ್ಲೇ ಇದ್ದರು, ಏನೂ ಮಾತಾಡಲಿಲ್ಲ. ಹೊರಡುವಾಗ ತಿಳಿಯಿತು, ಆ ಅಜ್ಜಿ ಅವರ ಅತ್ತೆ.

ಅದೇ ಹಸು ಮುಂದಿನ ವರ್ಷ ಮತ್ತೆ ಕರು ಹಾಕಿತು. ರಾತ್ರಿ ಎರಡೂವರೆಗೆ ಫೋನ್ ಬಂತು. ಹೆಣ್ಣು ಕರು, ಎದ್ದು ನಿಂತಿದೆ, ಮಾಸು ಇನ್ನೂ ಬಿದ್ದಿಲ್ಲ. ನಿದ್ದೆಗಣ್ಣಿನಲ್ಲೇ ಇದ್ದೆ. ಕೆಚ್ಚಲು ತೊಳೆದು, ಮೊದಲ ಎರಡು ಧಾರೆ ನೆಲಕ್ಕೆ ಬಿಟ್ಟು ಕುಡಿಸಿ, ಕಾಯೋದು ಬೇಡ, ಮಾಸು ಬೆಳಗ್ಗೆ ನೋಡೋಣ ಅಂತ ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಒಂದು ಗಳಿಗೆ ಸದ್ದಿಲ್ಲ.

"ವಸಿ ನಿಧಾನವಾಗಿ ಹೇಳಿ ಡಾಕ್ಟ್ರೇ. ಸ್ಪೀಕರ್ ಹಾಕಿವ್ನಿ, ನಮ್ಮತ್ತೇನೂ ಕೇಳಿಸ್ಕತಾವ್ರೆ."

ಎದ್ದು ಕೂತೆ. ಲೈಟ್ ಹಾಕಿದೆ. ಒಂದು ಉಸಿರು ತೆಗೆದುಕೊಂಡು ಮೊದಲಿಂದ ಹೇಳಿದೆ.